‘ಬಿಟ್ಟಿದೆ’ ಎಂಬ ಮಾತನ್ನು ಬಿಡಿಸಿದ ಅಕ್ಕ

ಮೂವತ್ತೊಂದು ವರ್ಷದ ಹಿಂದೆ, ಚಳಿಗಾಲದ ಒಂದು ಮಂಗಳವಾರ, ಬೆಳಿಗ್ಗೆ ಏಳೂಕಾಲಿಗೆ, ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದ ಒಂದು ಕೋಣೆಯ ಬೀಗ ತೆಗೆದು, ಮಂಚಗಳನ್ನು ಹೊರಗೆ ಹಾಕಿಸಿ, ನೆಲ ತೊಳೆಸಿ, ಒಂದು ಮೇಜು ಎರಡು ಬೆಂಚು ಇಡಿಸಿದಲ್ಲಿಂದ ನಮ್ಮ ಆಸ್ಪತ್ರೆಯ ಮೂರ್ಛೆರೋಗದ ವಿಭಾಗ ಶುರುವಾಯಿತು. ಬೀಗ ತೆಗೆದವರು ಅಕ್ಕನವರು. ಅವತ್ತು ಬಂದ ರೋಗಿಗಳು ನಾಲ್ಕೇ ಜನ. ಇವತ್ತು ಮಂಗಳವಾರಕ್ಕೆ ಎಪ್ಪತ್ತಕ್ಕೆ ಕಡಿಮೆ ಇಲ್ಲ. ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ತಲೆಗೆ ತಂತಿ ಅಂಟಿಸಿ ಗೆರೆ ಬರೆಯುವ ಯಂತ್ರ ಬಂತು, ಕೆಟ್ಟಿತು, ಹೊಸದು ಬಂತು. ಆದರೆ ಬಾಗಿಲ ಎದುರಿನ ಮೇಜಿನ ಹಿಂದೆ ಕೂತು ಪ್ರತಿಯೊಬ್ಬರನ್ನೂ ಮೊದಲು ಮಾತಾಡಿಸುವವರು ಮಾತ್ರ ಅವರೇ ಆಗಿ ಉಳಿದರು. ಈ ಕಾಯಿಲೆಯ ಬಗ್ಗೆ ಪುಸ್ತಕ ಬರೆದವರು ಬಹಳ ಜನ ಇರಬಹುದು. ಅದನ್ನು ಹೊತ್ತು ಬಂದವರ ಮಾತು ಕೇಳಿಸಿಕೊಂಡವರ ಸಾಲಿನಲ್ಲಿ ಅಕ್ಕನವರ ಹೆಸರು ಮುಂದೆ ಬರುತ್ತದೆ.

ಆಸ್ಪತ್ರೆಯಲ್ಲಿ ‘ಸಿಸ್ಟರ್’ ಎಂದರೆ ಆರು ಜನ ತಿರುಗಿ ನೋಡುತ್ತಿದ್ದರು. ‘ಅಕ್ಕ’ ಎಂದರೆ ಒಬ್ಬರೇ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆದರು, ಅವರೂ ಬೇಡವೆನ್ನಲಿಲ್ಲ.

ಆ ದಿನಗಳಲ್ಲಿ ಜನ ಬಂದು ಹೇಳುತ್ತಿದ್ದದ್ದು ಒಂದೇ ಮಾತು: ‘ಬೀಳ್ತಾನೆ.’ ಅಕ್ಕನವರಿಗೆ ಅದು ಸಾಲುತ್ತಿರಲಿಲ್ಲ. ಬೀಳುವ ಮುಂಚೆ ಏನು ಮಾಡುತ್ತಿದ್ದ, ಯಾವ ಕೈ ಮೊದಲು ಎಳೆಯಿತು, ಕತ್ತು ಯಾವ ಕಡೆ ತಿರುಗಿತು, ಎಷ್ಟು ನಿಮಿಷ, ಎದ್ದ ಮೇಲೆ ಗುರುತು ಹಿಡಿದನೋ ಇಲ್ಲವೋ, ಇಷ್ಟೂ ಬೇಕು. ಬಾಯಲ್ಲಿ ಹೇಳಲಾಗದಿದ್ದರೆ ‘ಮಾಡಿ ತೋರಿಸಿ’ ಎನ್ನುತ್ತಿದ್ದರು. ಒಂದು ಸಲ ಒಬ್ಬ ಕ್ಷೌರಿಕ ತನ್ನ ತಂಗಿಯ ಮಗನಿಗೆ ಬರುವ ಫಿಟ್ಸನ್ನು ಎಷ್ಟು ಚೆನ್ನಾಗಿ ನೆಲದ ಮೇಲೆ ಹೊರಳಿ ಮಾಡಿ ತೋರಿಸಿದನೆಂದರೆ, ಸಾಲಿನಲ್ಲಿದ್ದ ಇಬ್ಬರು ಓಡಿ ಬಂದು ಅವನ ಕೈಗೆ ಬೀಗದಕೈ ತುರುಕಿದರು.

‘ಬಿಡ್ರಪ್ಪೋ, ನಂಗೇನಾಗಿಲ್ಲ! ರೋಗಿ ಅಲ್ಲಿ ಬೆಂಚಿನ ಮೇಲೆ ಕೂತು ನಗ್ತಾ ಇದಾನೆ!’ ಎಂದು ಅವನು ಕೂಗಿಕೊಂಡ.

ಎಲ್ಲರೂ ನಕ್ಕರು. ಅಕ್ಕನವರೂ ನಕ್ಕರು, ಆದರೆ ನಗುವಿನ ಬಿಸಿ ಆರುವ ಮುಂಚೆಯೇ ಬೀಗದಕೈಯನ್ನು ಎತ್ತಿ ಹಿಡಿದರು. ‘ಇದು ಬೀಗ ತೆಗೆಯೋಕೆ. ಫಿಟ್ಸ್ ಬಿಡಿಸೋಕಲ್ಲ. ಕಬ್ಬಿಣ ಬೇಡ, ಈರುಳ್ಳಿ ಬೇಡ, ಚಪ್ಪಲಿ ಮೂಸಿಸೋದು ಬೇಡ. ಬಾಯಿಗೆ ಏನೂ ತುರುಕಬೇಡಿ. ಮಗ್ಗುಲಿಗೆ ಮಲಗಿಸಿ, ಕತ್ತಿನ ಗುಂಡಿ ಬಿಚ್ಚಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ, ಇಲ್ಲ ಒಂದರ ಮೇಲೊಂದು ಬಂದ್ರೆ, ಎತ್ಕೊಂಡು ಇಲ್ಲಿಗೆ ಬನ್ನಿ.’ ಈ ಮಾತನ್ನು ಅವರು ಎಷ್ಟು ಸಾವಿರ ಸಲ ಹೇಳಿದರೋ, ಗೋಡೆಗೇ ಬಾಯಿಪಾಠವಾಗಿರಬೇಕು.

ಯಾಕೆ ಬಂತು ಎಂದು ಕೇಳುವವರಿಗೆ ಅವರು ಸುಳ್ಳು ಸಮಾಧಾನ ಹೇಳಿದವರಲ್ಲ. ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಬಂದಿರಬಹುದು, ತಲೆಗೆ ಪೆಟ್ಟು ಬಿದ್ದು ಬಂದಿರಬಹುದು, ಮೆದುಳಿಗೆ ಹತ್ತಿದ ಜ್ವರದ ಕಲೆ ಉಳಿದು, ಹೊಟ್ಟೆಗೆ ಹೋದ ಹುಳುವಿನ ಮೊಟ್ಟೆ ಮೆದುಳಿನಲ್ಲಿ ಗಂಟಾಗಿ, ವಯಸ್ಸಾದವರಿಗೆ ಪಾರ್ಶ್ವವಾಯು ಬಡಿದು ಬಂದಿರಬಹುದು, ಕೆಲವು ಮನೆಗಳಲ್ಲಿ ರಕ್ತದಲ್ಲೇ ಬರಬಹುದು ಎಂದು ಬಿಡಿಸಿ ಹೇಳಿ, ಕೊನೆಗೆ ‘ಅರ್ಧಕ್ಕರ್ಧ ಜನಕ್ಕೆ ಯಾಕೆ ಅಂತ ನಮಗೂ ಗೊತ್ತಾಗಲ್ಲ’ ಎನ್ನುತ್ತಿದ್ದರು. ಪಾಠದ ನಡುವೆ ಕಣ್ಣು ನೆಟ್ಟು ಕೂರುತ್ತಾಳೆಂದು ಮೇಷ್ಟರ ಕೈಯಲ್ಲಿ ಏಟು ತಿನ್ನುತ್ತಿದ್ದ ಒಂದು ಹುಡುಗಿಯ ಜೊತೆ ತಾವೇ ಶಾಲೆಗೆ ನಡೆದು ಹೋಗಿ, ‘ಸಾರ್, ಇದು ಸೋಮಾರಿತನ ಅಲ್ಲ, ಹತ್ತು ಸೆಕೆಂಡಿನ ಫಿಟ್ಸು. ಬೆತ್ತಕ್ಕೆ ಹೋಗಲ್ಲ, ಮಾತ್ರೆಗೆ ಹೋಗುತ್ತೆ’ ಎಂದು ಬಂದರು. ಅದು ಮಾತ್ರೆಗೆ ಹೋಯಿತು. ಹತ್ತರಲ್ಲಿ ಆರೇಳು ಜನಕ್ಕೆ ಮಾತ್ರೆಯೇ ಸಾಕಾಗುತ್ತದೆ. ಒಂದಕ್ಕೆ ಬಗ್ಗದಿದ್ದರೆ ಇನ್ನೊಂದು. ಎರಡಕ್ಕೂ ಬಗ್ಗದವರಿಗೆ ಕೆಲವರಿಗೆ ಆಪರೇಷನ್ನು, ಕೆಲವು ಮಕ್ಕಳಿಗೆ ಡಾಕ್ಟರ ಕಣ್ಣೆದುರು ತೂಗಿ ಕೊಡುವ ಜಿಡ್ಡಿನ ಊಟ. ಆದರೆ ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಕಡಿಮೆಯೆಂದರೂ ಎರಡು ವರ್ಷ ಒಂದೂ ಫಿಟ್ಸು ಬರದೆ ಇದ್ದ ಮೇಲೆ, ಡಾಕ್ಟರು ಹೇಳಿದ ಮೇಲೆ, ಮೆಟ್ಟಿಲು ಇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ಈ ಒಂದು ಮಾತಿನಲ್ಲಿಯೇ ಅಕ್ಕನವರ ಬದುಕಿಗೆ ಪೆಟ್ಟು ಬಿತ್ತು.

ಇದನ್ನು ನಿವೃತ್ತಿಯ ಅಭಿನಂದನೆಯ ಪುಸ್ತಕದಲ್ಲಿ ಬರೆಯುವುದು ಯಾಕೆ ಎಂದು ಓದುವವರಿಗೆ ಅನಿಸಬಹುದು. ಬರೆಯಬೇಕೆಂದವರು ಅಕ್ಕನವರೇ.

ವಿಭಾಗ ಶುರುವಾದ ಹನ್ನೆರಡನೆಯ ವರ್ಷದ ಮಾತು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಕೂರಿಸುವ ಇಪ್ಪತ್ತಾರು ವರ್ಷದ ದರ್ಜಿಯೊಬ್ಬಳು ಬರುತ್ತಿದ್ದಳು. ಬಲಗೈ ಮೊದಲು ಎಳೆದು, ಆಮೇಲೆ ಮೈಯೆಲ್ಲ ಎಳೆಯುವ ಫಿಟ್ಸು. ಮಾತ್ರೆಯಿಂದ ಅದು ಹಿಡಿತಕ್ಕೆ ಬಂದಿತ್ತು, ಆದರೆ ಅದೇ ಮಾತ್ರೆ ಬೆರಳಿಗೆ ನಡುಕ ತಂದಿತ್ತು. ನಡುಗುವ ಬೆರಳಲ್ಲಿ ಕಾಲರಿನ ಮೂಲೆ ತಿರುಗುವುದಿಲ್ಲ. ಮೇಸ್ತ್ರಿ ಎರಡು ಸಲ ಗದರಿದ್ದ, ಮೂರನೆಯ ಸಲ ಬೇರೆ ಕೆಲಸ ನೋಡಿಕೋ ಎಂದಿದ್ದ. ಅವಳು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಎರಡು ತಿಂಗಳಾದ ಮೇಲೆ ತಾಯಿಗೆ ತಿಳಿಯಿತು. ಮಗಳಿಗೆ ರಜೆ ಸಿಗಲಿಲ್ಲವೆಂದು, ಇದು ಸರಿಯೋ ತಪ್ಪೋ ಕೇಳಿ ಬರಲು, ತಾಯಿಯೇ ಮಂಗಳವಾರ ಚೀಟಿ ಹಿಡಿದು ಬಂದಳು.

ಅವತ್ತು ಜೊತೆಯ ನರ್ಸಿಗೆ ರಜೆ. ತೊಂಬತ್ತು ಚೀಟಿ. ನಮ್ಮ ವಿಭಾಗದಲ್ಲಿ ಆಗ ಎಲ್ಲರಿಗೂ ರೂಢಿಯಾಗಿದ್ದ ಒಂದು ಗಿಡ್ಡ ಪ್ರಶ್ನೆ ಇತ್ತು. ಫಿಟ್ಸು ನಿಂತು ಎಷ್ಟು ದಿನವಾಯಿತು ಎಂಬುದಕ್ಕೆ, ‘ಬಿಟ್ಟು ಎಷ್ಟಾಯ್ತು?’ ಅಕ್ಕನವರು ಫೈಲಿನಿಂದ ತಲೆಯೆತ್ತದೆ ಅದನ್ನೇ ಕೇಳಿದರು.

‘ಬಿಟ್ಟು ಎರಡು ತಿಂಗಳಾಯ್ತು ಅಕ್ಕ. ಏನೂ ತೊಂದ್ರೆ ಇಲ್ಲ. ಕೈ ನಡುಗೋದೂ ನಿಂತಿದೆ.’

‘ಒಳ್ಳೇದಾಯ್ತಲ್ಲಮ್ಮ. ಹೀಗೇ ಮುಂದುವರಿಸಿ. ಮೂರು ತಿಂಗಳು ಬಿಟ್ಟು ಬನ್ನಿ.’

ಮಾತ್ರೆಯ ಚೀಟಿಗೆ ಎಂದಿನಂತೆ ಮುದ್ರೆ ಬಿತ್ತು. ಬೇಕಾದರೆ ಮನೆಯಲ್ಲಿರಲಿ ಎಂದು ಕೊಟ್ಟಿದ್ದಾರೆಂದುಕೊಂಡು ತಾಯಿ ಮಾತ್ರೆ ತೆಗೆದುಕೊಂಡು ಹೋಗಿ ಡಬ್ಬಿಯಲ್ಲಿ ಇಟ್ಟಳು. ಆಸ್ಪತ್ರೆಯವರೇ ಒಪ್ಪಿದ್ದಾರೆ ಎಂದು ಮಗಳಿಗೆ ಹೇಳಿದಳು. ತಾಯಿ, ಅಕ್ಕ, ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಂದೇ ಮಾತಿನ ಈ ದಡದಲ್ಲಿ ಒಬ್ಬರು, ಆ ದಡದಲ್ಲಿ ಒಬ್ಬರು ನಿಂತಿದ್ದರು.

ಹತ್ತೊಂಬತ್ತು ದಿನದ ಮೇಲೆ, ಒಂದು ಭಾನುವಾರ, ಹೆಚ್ಚಿನ ಕೆಲಸಕ್ಕೆಂದು ಹೋದ ಮಗಳು ಯಂತ್ರದ ಮುಂದೆಯೇ ಬಿದ್ದಳು. ಜೊತೆಯವರು ಕೈಗೆ ಕತ್ತರಿ ಕೊಟ್ಟು ಕಾದರು. ಒಂದರ ಮೇಲೊಂದು ಬಂತು, ನಡುವೆ ಎಚ್ಚರವಾಗಲಿಲ್ಲ. ತುರ್ತು ವಿಭಾಗಕ್ಕೆ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಸಂಜೆ ಹೋಗಿಬಿಟ್ಟಳು.

ಅಕ್ಕನವರಿಗೆ ಇದು ತಿಳಿದದ್ದು ಮುಂದಿನ ವಾರ, ಮಂಗಳವಾರ. ತಾಯಿ ಎಲ್ಲರಂತೆ ಚೀಟಿ ತೆಗೆದುಕೊಂಡು, ಎಲ್ಲರಂತೆ ಎರಡು ಗಂಟೆ ಸಾಲಿನಲ್ಲಿ ಕೂತು, ಮೇಜಿನ ಮುಂದೆ ಬಂದು ಮಾತ್ರೆಯ ಹಾಳೆಗಳನ್ನು ಇಟ್ಟಳು.

‘ಇವು ವಾಪಸ್ ಕೊಡೋಣ ಅಂತ ಬಂದೆ. ಇನ್ಯಾರಿಗಾದ್ರೂ ಆಗುತ್ತೆ. ಮಗಳು ಹೋಗ್ಬಿಟ್ಲು ಅಕ್ಕ.’

ಅಕ್ಕನವರು ಎದ್ದು ನಿಂತರು. ಹಾಳೆಗಳನ್ನು ನೋಡಿದರು. ಮಾತ್ರೆ ಕೂತ ಒಂದು ಗುಳಿಯೂ ಒಡೆದಿರಲಿಲ್ಲ. ‘ಇಷ್ಟೂ ಉಳಿದಿದೆಯಲ್ಲಮ್ಮ, ಯಾಕೆ?’

‘ಬಿಟ್ಟಿದ್ಲಲ್ಲ ಅಕ್ಕ. ನಾನೇ ಬಂದು ಹೇಳಿದ್ನಲ್ಲ, ಬಿಟ್ಟು ಎರಡು ತಿಂಗಳಾಯ್ತು ಅಂತ. ಹೀಗೇ ಮುಂದುವರಿಸಿ ಅಂದ್ರಿ.’

ಫೈಲು ತೆಗೆದರೆ ಅವರದೇ ದುಂಡು ಅಕ್ಷರ: ‘ಬಿಟ್ಟು ಎರಡು ತಿಂಗಳು. ಅದೇ ಮಾತ್ರೆ ಮುಂದುವರಿಸುವುದು.’ ಆ ತಾಯಿಗೆ ಓದು ಬರುತ್ತಿರಲಿಲ್ಲ. ಫೈಲು ಮುಚ್ಚಿ, ‘ದೇವರ ಇಚ್ಛೆ’ ಎಂದು ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನವರು ಹಾಗೆ ಮಾಡಲಿಲ್ಲ.

‘ನೀವು ಮಾತ್ರೆ ಬಿಟ್ಟಿದ್ದನ್ನ ಹೇಳಿದ್ರಿ. ನಾನು ಫಿಟ್ಸ್ ಬಿಟ್ಟಿದೆ ಅಂತ ತಿಳ್ಕೊಂಡೆ. ತಿರುಗಿಸಿ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ತಪ್ಪು ನಂದು.’

ತಾಯಿ ಅವರ ಮುಖ ನೋಡಿದಳು. ‘ಹಾಗಾದ್ರೆ ಬೇರೆ ಮಾತ್ರೆ ಇತ್ತಾ? ಕೈ ನಡುಗದಂಥದ್ದು?’

‘ಇತ್ತು.’

‘ಇಲ್ಲೇ ಇತ್ತಾ?’

‘ಇಲ್ಲೇ ಇತ್ತು.’

ತಾಯಿ ಹೊರಟು ಹೋದಳು. ಬಾಗಿಲ ಹತ್ತಿರ ಮುಂದಿನ ಚೀಟಿ ಕೂಗಿದರು.

ಅಕ್ಕನವರು ತಾವೇ ಬರೆದು ದೊಡ್ಡ ಡಾಕ್ಟರಿಗೆ ಕೊಟ್ಟರು. ಅವರು ಓದಿ, ಕನ್ನಡಕ ತೆಗೆದಿಟ್ಟು, ‘ನೀವು ಬೇಕಂತ ಮಾಡಿದ್ದಲ್ಲವಲ್ಲ. ಹೋಗ್ಲಿ ಬಿಡಿ’ ಎಂದರು.

‘ಏನು ಬೇಕಾದ್ರೂ ಅನ್ನಿ ಸಾರ್, ಬಿಡಿ ಅಂತ ಮಾತ್ರ ಅನ್ಬೇಡಿ.’

ವಿಚಾರಣೆ ಆಯಿತು. ಎಚ್ಚರಿಕೆಯ ಪತ್ರವೊಂದು ಬಂತು. ಅದಾದ ಮೇಲೆ ನಮ್ಮ ಕೋಣೆಯ ಗೋಡೆಯ ಮೇಲೆ ಅಕ್ಕನವರು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದರು: ‘ಇಲ್ಲಿ ಯಾರೂ ಬಿಟ್ಟಿದೆ ಎನ್ನಬಾರದು. ಫಿಟ್ಸು ನಿಂತಿದ್ದರೆ ನಿಂತಿದೆ ಎನ್ನಿ. ಮಾತ್ರೆ ನಿಲ್ಲಿಸಿದ್ದರೆ ನಿಲ್ಲಿಸಿದ್ದೇವೆ ಎನ್ನಿ. ಬಯ್ಯುವುದಿಲ್ಲ.’ ಕೊನೆಯ ಪದದ ಕೆಳಗೆ ಕೆಂಪು ಗೆರೆ. ಅಂದಿನಿಂದ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ, ಎರಡು ಉತ್ತರ, ಮಾತ್ರೆಯ ಖಾಲಿ ಹಾಳೆಗಳನ್ನು ಎಣಿಸಿ ನೋಡುವುದು, ಆಮೇಲೆ ಮೂರನೆಯದು: ‘ಮಾತ್ರೆಯಿಂದ ನಿಮಗೆ ಏನು ಕಷ್ಟ ಆಗ್ತಿದೆ?’ ಆ ಮೂರನೆಯ ಪ್ರಶ್ನೆಯಿಂದ ಎಷ್ಟೋ ಜನರ ಮಾತ್ರೆ ಬದಲಾಯಿತು. ತೂಕಡಿಸುವ ಚಾಲಕನಿಗೆ ಸ್ಟೀರಿಂಗ್ ಬಿಡಿಸಿ ಬೇರೆ ಕೆಲಸ ಕೊಡಿಸಲು ಪತ್ರ ಹೋಯಿತು. ಬಸುರಾಗಬೇಕೆಂದವಳಿಗೆ ಮಗುವಿಗೆ ತೊಂದರೆ ಕಡಿಮೆ ಇರುವ ಮಾತ್ರೆಯನ್ನು ಮೊದಲೇ ಹುಡುಕಿ ಕೊಟ್ಟರು.

ಹಳೆಯ ರೋಗಿಗಳು ಆ ಗೋಡೆಯ ಬರಹವನ್ನು ಗೇಲಿ ಮಾಡುವುದೂ ಇತ್ತು. ‘ಚಪ್ಪಲಿ ಹೊರಗೆ ಇಟ್ಟಿದ್ದೀನಿ ಅಕ್ಕ, ಬಿಟ್ಟಿಲ್ಲ!’ ಎನ್ನುತ್ತಾ ಒಳಗೆ ಬರುವರು. ಅಕ್ಕನವರು ಮುಗುಳ್ನಗುವರು. ಆದರೆ ಅವರು ಬಾಯಿ ತುಂಬ ನಕ್ಕದ್ದನ್ನು ಆ ವರ್ಷದಿಂದ ಈಚೆಗೆ ನಮ್ಮಲ್ಲಿ ಯಾರೂ ನೋಡಿಲ್ಲ. ವಿಭಾಗದ ಮೇಲ್ವಿಚಾರಕಿ ಮಾಡುತ್ತೇವೆಂದಾಗ ಬೇಡವೆಂದರು. ಬಹುಮಾನಕ್ಕೆ ಹೆಸರು ಕಳಿಸಿದಾಗ ವಾಪಸು ತೆಗೆಸಿದರು.

ಈ ಪುಸ್ತಕದ ಮಾತು ಎತ್ತಿದಾಗಲೂ ಅವರು ಒಂದೇ ಷರತ್ತು ಹಾಕಿದರು. ‘ಒಳ್ಳೇದನ್ನೇ ಬರೆದ್ರೆ ಅದು ಇನ್ನೊಬ್ಬರ ಕಥೆ ಆಗುತ್ತೆ. ದರ್ಜಿಯದ್ದು ಬರೀರಿ. ಮೊದ್ಲು ಆ ತಾಯೀನ ಕೇಳಿ. ಅವರು ಬೇಡ ಅಂದ್ರೆ ಪುಸ್ತಕಾನೇ ಬೇಡ.’

ಹಾಗಾಗಿ ಪುಸ್ತಕದ ಸಮಿತಿಯ ಇಬ್ಬರು ತಾಯಿಯನ್ನು ಹುಡುಕಿಕೊಂಡು ಹೋದರು. ತಾಯಿಗೆ ಈಗ ಎಪ್ಪತ್ತು ದಾಟಿದೆ. ಕಿಟಕಿಯ ಪಕ್ಕ ಕೂತು ಹಳೆಯ ಅಂಗಿಗಳಿಗೆ ಗುಂಡಿ ಹಾಕುತ್ತಾಳೆ. ಎಲ್ಲವನ್ನೂ ಕೇಳಿಸಿಕೊಂಡು, ದಾರ ಕಚ್ಚಿ ಕಡಿದು, ಹೇಳಿದಳು:

‘ಬರೀರಿ. ನನ್ ಮಗಳನ್ನ ರೋಗಿ ಅಂತ ಮಾತ್ರ ಬರೀಬೇಡಿ. ದರ್ಜಿ ಅಂತ ಬರೀರಿ. ಕಾಲರಿನ ಮೂಲೆ ಅವಳ ಹಾಗೆ ತಿರುಗಿಸೋರು ಆ ಕಾರ್ಖಾನೇಲಿ ಇನ್ನೊಬ್ರು ಇರಲಿಲ್ಲ.’

ಅಕ್ಕನವರಿಗೆ ಏನಾದರೂ ಹೇಳಬೇಕೇ ಎಂದು ಕೇಳಿದರು.

‘ನಮ್ ಮನೇಲಿ ಸಾವಾದಾಗ ತಪ್ಪು ನಂದು ಅಂದೋರು ಅವರೊಬ್ರೇ. ಮೇಸ್ತ್ರಿ ಅನ್ಲಿಲ್ಲ, ಕತ್ತರಿ ಕೊಟ್ಟೋರು ಅನ್ಲಿಲ್ಲ. ಅದು ನೆನಪಿದೆ ಅಂತ ಹೇಳಿ. ಕ್ಷಮಿಸಿದ್ದೀನಾ ಅಂತ ಕೇಳ್ಬೇಡಿ. ಅದು ನನ್ ಕೈಲಿ ಆಗಿಲ್ಲ.’

ಅಕ್ಕನವರಿಗೆ ಇದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಹೇಳಲಾಯಿತು. ಅವರು ಎದುರಿದ್ದ ಫೈಲಿನ ಮೇಲೆ ಕೈಯಿಟ್ಟು ಕೇಳಿಸಿಕೊಂಡರು. ‘ಅವರು ಹೇಳಿದ್ದು ಸರಿ. ಹಾಗೇ ಅಚ್ಚಾಗ್ಲಿ’ ಎಂದರು.

ನೂರು ವರ್ಷ ಬಾಳಿ ಎಂದರೆ ಅಕ್ಕನವರು ‘ಅಷ್ಟು ದಿನ ಯಾರ ತಲೆ ತಿನ್ಲಿ?’ ಎನ್ನುತ್ತಾರೆ. ಆದ್ದರಿಂದ ಇಷ್ಟೇ ಕೋರುತ್ತೇವೆ: ಮೆಟ್ಟಿಲು ಹತ್ತುವಷ್ಟು ಮಂಡಿಯಲ್ಲಿ ಕಸುವು, ನಾಲ್ಕು ಜನಕ್ಕೆ ಕೇಳುವಷ್ಟು ಗಂಟಲಲ್ಲಿ ದನಿ, ರಾತ್ರಿಗಿಷ್ಟು ನಿದ್ದೆ, ಇವು ಅವರಿಗೆ ಬಹಳ ಕಾಲ ಉಳಿಯಲಿ. ಹೊಲಿಗೆ ಕಾರ್ಖಾನೆಗಳಿಗೆ ಹೋಗಿ, ಯಾರಾದರೂ ಬಿದ್ದರೆ ಏನು ಮಾಡಬೇಕೆಂದು ಕೆಲಸದವರಿಗೆ ಕಲಿಸಬೇಕೆಂದು ಅವರು ಈಗಾಗಲೇ ಮೂರು ಕಡೆ ಒಪ್ಪಿಗೆ ಪಡೆದಿದ್ದಾರೆ. ಆ ಕೆಲಸ ನಡೆಯಲಿ.

ತಿಂಗಳ ಕೊನೆಯ ದಿನ, ಅವರು ನಿವೃತ್ತರಾಗುವ ದಿನ, ಎಪ್ಪತ್ಮೂರು ಚೀಟಿ ಇದ್ದವು. ಕೊನೆಯ ಚೀಟಿಯವರೆಗೂ ಅವರೇ ಕೂತು ಕೇಳಿದರು. ಮಧ್ಯಾಹ್ನ ಮೂರಕ್ಕೆ ಮೇಜಿನ ಬೀಗದಕೈಯನ್ನು ಹೊಸ ನರ್ಸಿನ ಕೈಗೆ ಕೊಟ್ಟು, ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲೇ ಇಸಿದುಕೊಂಡು, ಕ್ಷಮೆ ಸಿಗದೆಯೇ, ಕೆಲಸ ಮುಗಿಸಿ, ಅಕ್ಕನವರು ಹೊರಟರು. ಅಂದು ಮಂಗಳವಾರ.