ಟಾರ್ಕ್ ಸುಭಾಷ

ತ್ಯಾಗಲಿಯ ಸುಭಾಷ ನಾಯ್ಕನಿಗೆ ಟಾರ್ಕ್ ಸುಭಾಷ ಎಂಬ ಹೆಸರು ಬಿದ್ದದ್ದು ಅವನು ಹುಡುಗಿ ನೋಡಲು ಹೋದ ದಿನ. ಮಮತಾ ಚಹಾದ ತಟ್ಟೆ ಹಿಡಿದು ಹೊರಬಂದಾಗ ವರ ಅಂಗಳದಲ್ಲಿ ಭಾವೀ ಮಾವನ ಹಳೆಯ ಜೀಪಿನ ಅಡಿಯಲ್ಲಿ ಅಂಗಾತ ಮಲಗಿದ್ದ. ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ ಎಂದು ಮಾವ ಬಾಯಿಬಿಟ್ಟದ್ದೇ ತಪ್ಪಾಗಿತ್ತು. ಹೊಸ ಅಂಗಿಯ ಬೆನ್ನಿಗೆಲ್ಲ ಗ್ರೀಸು ಮೆತ್ತಿಕೊಂಡು ಎದ್ದ ಸುಭಾಷ, ಹುಡುಗಿಯ ಮುಖ ನೋಡುವ ಮೊದಲು ಮಾವನಿಗೆ ಟಾರ್ಕ್ ಎಂದರೇನೆಂದು ವಿವರಿಸಿದ. ಮಮತಾ ಒಪ್ಪಿದಳು. ಇಸ್ಪೀಟಿಗಿಂತ ಇದು ನಿರುಪದ್ರವಿ ಚಟ ಎಂದುಕೊಂಡಿದ್ದಳು. ಈಗ ಗಂಡ ಊಟದ ತಟ್ಟೆಯ ಮುಂದೆ ಗಾಡಿಯ ಗೇರಿನ ಲೆಕ್ಕ ಶುರುಮಾಡಿದರೆ, "ಮೈಮೇಲೆ ಬಂತು" ಎಂದು ಹೇಳಿ ಎದ್ದುಹೋಗುತ್ತಾಳೆ.

ಗದ್ದೆ ಕೆಲಸದಲ್ಲಿ ಸುಭಾಷ ಹಿಂದೆ ಬಿದ್ದವನಲ್ಲ. ಆದರೆ ಭಾನುವಾರ ಬೆಳಿಗ್ಗೆ ಮಾತ್ರ ಅವನು ತನ್ನ ಡೀಸೆಲ್ ಜೀಪಿನೊಂದಿಗೆ ಶಿರಸಿಯಲ್ಲಿ, ಕಿಶೋರನ ವಾಟರ್ ಸರ್ವಿಸ್ ಅಂಗಡಿಯಲ್ಲಿ ಸಿಗುತ್ತಿದ್ದ. ಅಲ್ಲಿ ಗಾಡಿ ತೊಳೆಯುವುದಕ್ಕಿಂತ ಮಾತೇ ಹೆಚ್ಚು ನಡೆಯುತ್ತಿತ್ತು. ಅವನ ಎದುರಾಳಿ ಬನವಾಸಿ ಕಡೆಯ ವಿನೋದ. ಬೀಜ, ಗೊಬ್ಬರದ ವ್ಯಾಪಾರಿ. ಹೊಸ ಟರ್ಬೊ ಪೆಟ್ರೋಲ್ ಕಾರು ಕೊಂಡಿದ್ದ, ಅದು ಕೊಳೆಯಾಗಲಿ ಬಿಡಲಿ ವಾರವಾರ ತೊಳೆಸುತ್ತಿದ್ದ.

"ಬೀಸೂ ಕಲ್ಲು ತಿರುಗ್ಸೂಕೆ ಕೈಗೆ ಎಷ್ಟು ತಾಕತ್ತು ಬೇಕು, ಅದು ಟಾರ್ಕು. ಅದೇ ತಾಕತ್ತಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ಸ್ತೆ, ಅದು ಎಚ್‌ಪಿ. ಕಲ್ಲೇ ಅಲ್ಲಾಡದಿದ್ರೆ ನಿನ್ನ ಎಚ್‌ಪಿ ತಗಂಡು ಎಂತ ಮಾಡೂದು?" ಎಂದ ಸುಭಾಷ ಒಂದು ಭಾನುವಾರ.

ವಿನೋದ ನಕ್ಕ. "ಸುಭಾಷಣ್ಣಾ, ನಮಗ ಬೇಕಾದ್ದು ಹಿಟ್ಟು. ತಾಸಿಗೆ ಎಷ್ಟು ಹಿಟ್ಟು ಬಿತ್ತು ಅನ್ನೂದು ಎಚ್‌ಪಿ ಮ್ಯಾಲ ಐತಿ. ನಿಮ್ಮ ಡೀಸೆಲ್ ಜೀಪು ಕಲ್ಲು ಹಿಡಕೊಂಡು ಕುಂತಿರತೈತಿ, ಅಷ್ಟ."

ಸುಭಾಷ ಕಲ್ಲಿನ ಲೆಕ್ಕ ಅಲ್ಲಿಗೇ ಬಿಟ್ಟ. ದನಿ ಏರಿಸಿದ. ಕೊನೆಗೆ ವಿನೋದನೇ ಸವಾಲು ಹಾಕಿದ: ಮರುದಿನ ತಾಯಿ ಪಾರ್ವತವ್ವನನ್ನು ಉಮ್ಮಚಗಿಗೆ, ಮೆಣಸಿನ ಸಸಿ ನೋಡಲು ಕರೆದುಕೊಂಡು ಹೋಗುವುದಿದೆ, ಸುಭಾಷ ಜೊತೆಗೆ ಬಂದು ಕಾರು ಏರು ಹತ್ತುವುದನ್ನು ಕಣ್ಣಾರೆ ನೋಡಲಿ.

ಮರುದಿನ ಯಲ್ಲಾಪುರ ರಸ್ತೆಯ ಒಂದು ಏರಿನ ನಡುವೆ ಸುಭಾಷ ಕಾರು ನಿಲ್ಲಿಸಲು ಹೇಳಿದ. "ಓಡ್ತಿದ್ದ ಗಾಡಿ ಯಾವುದೂ ಹತ್ತತದೆ. ನಿಂತಲ್ಲಿಂದ ಎಬ್ಬಿಸು ನೋಡ್ವ. ಇಂಜಿನ್ ನಿಧಾನ ತಿರುಗುವಾಗ ನಿನ್ನ ಗಾಳಿ ಊದೂ ಟರ್ಬೊ ನಿದ್ದೆ ಮಾಡ್ತಿರ್ತದೆ."

ವಿನೋದ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ. ಮತ್ತೆ ಹೊರಡುವಾಗ, ಟರ್ಬೊದ ಮಾನ ಕಾಪಾಡುವ ಮಾತಿನ ಭರದಲ್ಲಿ, ಆ ಬ್ರೇಕನ್ನು ಅರ್ಧ ಮಾತ್ರ ಇಳಿಸಿದ. ಕಾರು ಗುರುಗುಟ್ಟಿತು, ತೆವಳಿತು.

ಎಡಗಡೆ ಕುಳಿತಿದ್ದ ಸುಭಾಷನಿಗೆ ಅರ್ಧ ಮೇಲೇ ಉಳಿದ ಹ್ಯಾಂಡ್‌ಬ್ರೇಕಿನ ಲಿವರು ಕಂಡಿತು. ಮೀಟರಿನಲ್ಲಿ ಬ್ರೇಕಿನ ಕೆಂಪು ದೀಪವೂ ಕಂಡಿತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ವಿನೋದನೇ, "ಹೌದ್ರಿ, ಸ್ವಲ್ಪ ಜಗ್ಗವಲ್ದು," ಎಂದ. ಎಷ್ಟು ಭಾನುವಾರಗಳಿಂದ ಸುಭಾಷ ಕಾಯುತ್ತಿದ್ದ ಮಾತು ಅದು. ಮುಂದಿನ ತಿರುವಿನ ತನಕ ಈ ಸುಖ ಅನುಭವಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡು, "ನಾ ಹೇಳಿದ್ನಲ. ನಿಧಾನ ತಿರುಗುವಾಗ ಟಾರ್ಕ್ ಇಲ್ಲ ಇದಕ್ಕೆ," ಎಂದ.

ತಿರುವು ಬಂತು, ಹೋಯಿತು. ಸುಭಾಷ ಟಾರ್ಕಿನಿಂದ ಗೇರಿಗೆ, ಗೇರಿನಿಂದ ಗಾಡಿಯ ತೂಕಕ್ಕೆ ಬಂದಿದ್ದ.

"ತಮ್ಮಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ," ಎಂದರು ಹಿಂದಿನ ಸೀಟಿನ ಪಾರ್ವತವ್ವ.

"ಕ್ಲಚ್ಚು ಅಬ್ಬೆ," ಎಂದ ಸುಭಾಷ. ಈ ಸುಳ್ಳು ಅಷ್ಟು ಸಲೀಸಾಗಿ ಹೊರಬಿದ್ದದ್ದಕ್ಕೆ ಅವನಿಗೇ ಸ್ವಲ್ಪ ಹೆದರಿಕೆಯಾಯಿತು. ಹಿಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು.

ವಿನೋದ ಕಾರನ್ನು ಪಕ್ಕಕ್ಕೆ ತಂದು ಹ್ಯಾಂಡ್‌ಬ್ರೇಕ್ ಎಳೆಯಲು ಕೈ ಹಾಕಿದ. ಅದು ಆಗಲೇ ಅರ್ಧ ಮೇಲಿತ್ತು. ಅವನು ಲಿವರನ್ನು ನೋಡಿದ, ಸುಭಾಷನನ್ನು ನೋಡಿದ. ಸುಭಾಷ ಕಿಟಕಿಯಾಚೆಯ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಏನಾತೋ?" ಎಂದರು ಪಾರ್ವತವ್ವ.

"ಏನಿಲ್ಲವ್ವಾ. ಟರ್ಬೊ," ಎಂದ ವಿನೋದ.

ಪಾರ್ವತವ್ವ ಇಳಿದು ಬಿಸಿ ಚಕ್ರಕ್ಕೆ ಕುಡಿಯುವ ನೀರು ಸುರಿಯಲು ಹೋದರು. ಸುಭಾಷ ಓಡಿ ತಡೆದ. "ಬೇಡ ಅಬ್ಬೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಬ್ರೇಕಿನ ಡ್ರಮ್ಮು ಬಿರುಕು ಬಿಡ್ತದೆ. ಗಾಳಿಗೆ ತಣೀಲಿ." ಅವರು ಆ ನೀರನ್ನು ತಾವೇ ಕುಡಿದು, ಒಂದು ಬಂಡೆಯ ಮೇಲೆ ಕುಳಿತು, ಎತ್ತಿನ ಗಾಡಿಗೆ ಇಂಥ ಜಡ್ಡು ಇರಲಿಲ್ಲ ಎಂದರು.

ವಿನೋದ ತಗ್ಗಿದ ದನಿಯಲ್ಲಿ ಕೇಳಿದ: "ನೋಡಿದ್ರಿ ಹೌದಲ್ಲೋ?"

"ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಸುಭಾಷ ಹೊಟ್ಟೆಯೊಳಗಿದ್ದದ್ದನ್ನೇ ಹೇಳಿದ. "ಗೆಲ್ತಾ ಇದ್ನಲ ಮಾರಾಯ."

ವಿನೋದನಿಗೆ ಸಿಟ್ಟು ಬಂತು. ಚಕ್ರ ತಣ್ಣಗಾದ ಮೇಲೆ ಉಳಿದ ದಾರಿಯನ್ನು ಅವನು ಆ ಸಿಟ್ಟಿನಲ್ಲೇ ಓಡಿಸಿದ. ಕಾರು ಏರಿನಲ್ಲಿ ಎಷ್ಟು ಚೆನ್ನಾಗಿ ಜಗ್ಗಿತೆಂದರೆ ಸುಭಾಷ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತ. "ಬಾಯಿ ಬಿಟ್ಟು ಹೇಳ್ರಿ," ಎಂದ ವಿನೋದ. "ಜಗ್ತದೆ, ಜಗ್ತದೆ. ನಿಧಾನ ಹೋಗು," ಎಂದ ಸುಭಾಷ. ಆಮೇಲೆ ಪಾರ್ವತವ್ವ ಮಗನ ಹೆಗಲಿಗೊಂದು ಗುದ್ದಿದ್ದರಿಂದ ವೇಗ ಇಳಿಯಿತು.

ಮುಂದಿನ ಭಾನುವಾರ ಕಿಶೋರ ಪೈಪು ಹಿಡಿದುಕೊಂಡೇ ಕೇಳಿದ, "ಯಾರು ಗೆದ್ರೋ?"

ಒಬ್ಬ ತನ್ನ ದಡ್ಡತನ ಹೇಳುವಂತಿರಲಿಲ್ಲ, ಇನ್ನೊಬ್ಬ ತನ್ನ ಕಳ್ಳಾಟ ಹೇಳುವಂತಿರಲಿಲ್ಲ. "ಸಸಿ ಚೊಲೋ ಅದಾವು," ಎಂದ ವಿನೋದ. ಸುಭಾಷ ತಲೆಯಾಡಿಸಿ, ಈ ಟಾರ್ಕು, ಎಚ್‌ಪಿ ಎಲ್ಲ ಹಳೇ ಮಾತು, ಗಾಡಿಗೆ ಮುಖ್ಯ ಬ್ರೇಕು ಎಂದು ಶುರುಮಾಡಿದ. ಡ್ರಮ್ ಬ್ರೇಕಿಗಿಂತ ಡಿಸ್ಕ್ ಬ್ರೇಕಿಗೆ ಗಾಳಿ ಹೆಚ್ಚು ತಾಗುತ್ತದೆ, ಬೇಗ ತಣಿಯುತ್ತದೆ ಎಂದ. ವಿನೋದ ಪ್ರತಿಯೊಂದು ಮಾತಿಗೂ "ಖರೇ ಐತಿ" ಎನ್ನುತ್ತ ಕುಳಿತ.

ಇವರಿಬ್ಬರೂ ಒಂದೇ ಪಕ್ಷದಲ್ಲಿರುವುದನ್ನು ಕಿಶೋರ ಯಾವತ್ತೂ ಕಂಡವನಲ್ಲ. ನಲ್ಲಿ ಬಂದ್ ಮಾಡಿ, ಸ್ಟೂಲು ಎಳೆದುಕೊಂಡು ಕುಳಿತು, "ಈಗ ಆದದ್ದು ಹೇಳ್ರೋ," ಎಂದ.