ಅರಿಶಿನವಿಲ್ಲದ ಸಾರು

ನಮ್ಮ ಹೊಲ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ ಅಣ್ಣ ಅಲ್ಲೇ ಒಂದು ಕಾರ್ಖಾನೆಯಲ್ಲಿ ನಟ್ಟು ಬಿಗಿಯುವ ಕೆಲಸ ಹಿಡಿದ. ನಾನು ಬಿ.ಎಸ್ಸಿ. ಮುಗಿಸಿ ಗಿಡಮೂಲಿಕೆ ಔಷಧಿ ಕಂಪನಿಯೊಂದರ ಲ್ಯಾಬು ಸೇರಿದೆ. ಹೊಸ ಶತಮಾನ ಶುರುವಾಗಿ ಇನ್ನೂ ಕೆಲವೇ ವರ್ಷಗಳಾಗಿದ್ದವು.

ಕಂಪನಿ ಆಗ ಅರಿಶಿನದಿಂದ ಕೀಲುನೋವಿಗೆ ಮಾತ್ರೆ ಮಾಡಲು ಹೊರಟಿತ್ತು. ಮಾತ್ರೆ ನುಂಗಿದವರ ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ನಿಲ್ಲುವ ತಿಳಿಹಳದಿ ಪ್ಲಾಸ್ಮಾದಲ್ಲಿ ಅರಿಶಿನದ ಅಂಶ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಅಂಶವಿದ್ದರೆ ಕಂಪ್ಯೂಟರಿನ ಗೆರೆ ಗುಡ್ಡದಂತೆ ಏಳುತ್ತದೆ, ಇಲ್ಲದಿದ್ದರೆ ಮಟ್ಟಸವಾಗಿ ಸಾಗುತ್ತದೆ.

ಅಷ್ಟರಲ್ಲಿ ಅಣ್ಣನ ಬೆರಳ ಗಿಣ್ಣುಗಳು ಊದಿಕೊಂಡು ಸ್ಪ್ಯಾನರ್ ಹಿಡಿಯಲಾಗದೆ ಒದ್ದಾಡುತ್ತಿದ್ದ. ಆಸ್ಪತ್ರೆ ಸುತ್ತಿ ಸುತ್ತಿ ಸಾಕಾಗಿತ್ತು. ಕೈ ಹೋದರೆ ಕೆಲಸವೂ ಹೋದಂತೆಯೇ. ಲ್ಯಾಬಿನ ಸಾಹೇಬರ ದುಂಬಾಲು ಬಿದ್ದು ಮಾತ್ರೆಯ ಪರೀಕ್ಷೆಗೆ ಅವನನ್ನು ಸೇರಿಸಿದೆ. ಷರತ್ತು ಒಂದೇ: ಮಾತ್ರೆ ಶುರುವಾಗುವ ಮೊದಲು ಒಂದು ವಾರ ಅರಿಶಿನ ತಿನ್ನುವಂತಿಲ್ಲ. ಮೊದಲ ದಿನದ ರಕ್ತದಲ್ಲಿ ಗೆರೆ ಮಟ್ಟಸವಾಗಿರಬೇಕು. ಅವ್ವನಿಗೆ ಬಿಡಿಸಿ ಹೇಳಿದೆ. ಹೂಂ ಅಂದಳು.

ಅಣ್ಣನ ಪ್ಲಾಸ್ಮಾ ನನ್ನ ಯಂತ್ರಕ್ಕೇ ಬಂತು. ಗೆರೆ ಚೆನ್ನಾಗಿಯೇ ಸಾಗಿ, ಅರಿಶಿನದ ಜಾಗ ಬಂದಾಗ ತಲೆ ಎತ್ತಿತು. ಮತ್ತೆ ಹಾಕಿ ನೋಡಿದೆ, ಮತ್ತೆ ಎದ್ದಿತು. ಸುಳ್ಳುಗಾರರೊಂದಿಗೆ ತಮಗೇನು ಕೆಲಸ ಎಂದು ಸಾಹೇಬರು ಅವನನ್ನು ಕೈಬಿಟ್ಟರು. ಅಣ್ಣ ದೇವರಾಣೆ ಹಾಕಿದ. ಕೆಂಪಗೆ ಖಾರ ಕಡೆದ ಸಾರಿನಲ್ಲಿ ಅರಿಶಿನ ಇರುವುದು ಅವನಿಗೆ ಹೇಗೆ ಗೊತ್ತಾಗಬೇಕು ಪಾಪ.

ಮನೆಗೆ ಬಂದು ಅವ್ವನನ್ನು ಕೇಳಿದೆ. ನಮ್ಮಲ್ಲಿ ಅರಿಶಿನ ಬಿಟ್ಟು ಸಾರು ಮಾಡುವುದು ಸೂತಕದಲ್ಲಿ ಮಾತ್ರ. ಹಿಂದಿನ ವರ್ಷ ಅಪ್ಪ ಹೋದಾಗ ಅವಳೇ ಮಾಡಿದ್ದಳು.

"ಬದುಕಿರೋ ಮಗನ ತಟ್ಟೆಗೆ ಸಾವಿನ ಮನೆ ಸಾರು ಹೆಂಗ್ಲಾ ಇಕ್ಲಿ?" ಎಂದಳು.

ಮಗನಿಗೆ ಒಳ್ಳೆಯದಾಗಲಿ ಅಂತ ಎಂದಿಗಿಂತ ಧಾರಾಳವಾಗಿಯೇ ಹಾಕಿದ್ದಳಂತೆ, ಜೊತೆಗೆ ಅರಿಶಿನವನ್ನು ರಕ್ತಕ್ಕೆ ಇನ್ನಷ್ಟು ಇಳಿಸುವ ಕಾಳುಮೆಣಸು ಬೇರೆ ಅರೆದು. ನನಗೆ ಕೋಪ ನೆತ್ತಿಗೇರಿತ್ತು.

ಮುಂದೆ ಆ ಮಾತ್ರೆಯ ಕಥೆಯೂ ಮುಗಿಯಿತು. ನುಂಗಿದ ಯಾರಿಗೂ ಗುಣ ಕಾಣದೆ ಕಂಪನಿ ಅದನ್ನು ಮೂಲೆಗೆ ಎಸೆಯಿತು. ಎಷ್ಟೋ ಜನರ ಗೆರೆ ಅವ್ವನ ಸಾರು ಎಬ್ಬಿಸಿದಷ್ಟೂ ಎದ್ದಿರಲಿಲ್ಲ. ಮಾತ್ರೆ ಸಿಕ್ಕಿದ್ದರೂ ಅಣ್ಣನ ಕೈ ನೆಟ್ಟಗಾಗುತ್ತಿರಲಿಲ್ಲ ಎಂದು ಅವ್ವನಿಗೆ ಎಷ್ಟು ಸಲ ಹೇಳಿದೆನೋ.

"ನನ್ ಸಮಾಧಾನಕ್ಕೆ ಹೇಳ್ತಿದ್ದೀಯ, ಬುಡ್ಲಾ," ಎಂದು ಎದ್ದು ಹೋಗುತ್ತಿದ್ದಳು.

ಅಣ್ಣನ ಕೆಲಸ ಹೋಯಿತು. ಬೆರಳುಗಳು ಒಳಕ್ಕೆ ಮಡಿಚಿಕೊಂಡವು. ಅಂದಿನಿಂದ ಅವ್ವ ಅಡುಗೆಗೆ ಅರಿಶಿನ ಹಾಕುವುದನ್ನೇ ಬಿಟ್ಟಳು. ಬೇಡವೆಂದು ಹೇಳಿ ಹೇಳಿ ನಾವೇ ಸೋತೆವು. ಸೂತಕವೇ ಇಲ್ಲದ ಮನೆಯಲ್ಲಿ ದಿನಾ ಸೂತಕದ ಸಾರು. ಅಣ್ಣನಿಗೆ ಮುದ್ದೆ ಮುರಿಯಲು ಆಗುವುದಿಲ್ಲ. ಅವ್ವನೇ ಮುರಿದು, ಆ ಸಾರಿನಲ್ಲಿ ಅದ್ದಿ, ಅವನ ಬಾಯಿಗೆ ಇಡುತ್ತಾಳೆ.