ದುಃಖದ ಮರೆಯಲ್ಲಿದ್ದ ಕಾಯಿಲೆ

ಮೊದಲು ರವಿಕೆಗಳು ಸಡಿಲವಾದವು. ಭುಜದಿಂದ ಜಾರುತ್ತಿದ್ದವು. ಒಳಗೆ ಇನ್ನೊಂದು ಹೊಲಿಗೆ ಹಾಕಿಕೊಂಡೆ. ಆಮೇಲೆ ಅದೂ ಸಡಿಲವಾಯಿತು.

ನಮ್ಮ ಯಜಮಾನರು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡು ಆಗ ಅರ್ಧ ವರ್ಷ ಕಳೆದಿತ್ತು. ಅವರು ಬ್ಯಾಂಕಿನಲ್ಲಿದ್ದವರು. ತುಮಕೂರಿನಿಂದ ವಿಜಯವಾಡಕ್ಕೆ ವರ್ಗವಾಗಿ ಬಂದ ನಾವು ಗವರ್ನರ್‌ಪೇಟೆಯ ಬಾಡಿಗೆ ಮನೆಯಲ್ಲೇ ಉಳಿದುಬಿಟ್ಟಿದ್ದೆವು. ಅವರು ಹೋದ ಮೇಲೆ ಮಗಳು ಸುಮಾ ನನ್ನನ್ನು ವಿಶಾಖಪಟ್ಟಣಕ್ಕೆ, ಮಧುರವಾಡದ ತನ್ನ ಫ್ಲಾಟಿಗೆ ಕರೆತಂದಳು.

ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ಮೈಯೆಲ್ಲ ನೋವು. ಕಾಫಿ ಬಿಟ್ಟೆ. ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವೆನಿಸಿತು. ತಂಗಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ನಮ್ಮಲ್ಲಿ ಗಂಡ ಸತ್ತ ಮೇಲೆ ವರ್ಷದ ತಿಥಿ ಆಗುವವರೆಗೆ ಹೆಂಗಸು ಮದುವೆ ಮುಂಜಿಗೆ ಹೋಗುವುದಿಲ್ಲ, ಹಬ್ಬ ಮಾಡುವುದಿಲ್ಲ. ಹಾಗಾಗಿ ನಾನು ಮೂಲೆ ಹಿಡಿದು ಕೂತದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ. ಎಷ್ಟು ನಿಷ್ಠೆಯಿಂದ ಇದ್ದಾಳೆ ನೋಡಿ ಎಂದು ನೆಂಟರು ಹೊಗಳಿದರಂತೆ.

ಒಂದು ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದವಳು ತಲೆ ಸುತ್ತಿ ಕುಸಿದೆ.

ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್, ಥೈರಾಯ್ಡ್, ಸ್ಕ್ಯಾನ್ ಎಲ್ಲ ಮಾಡಿಸಿದರು. ಎಲ್ಲವೂ ನಾರ್ಮಲ್. ಸೈಕಿಯಾಟ್ರಿಸ್ಟ್ ಒಬ್ಬರನ್ನು ನೋಡಿ ಎಂದು ಕಳಿಸಿದರು. ಸುಮಾಳ ಮುಖ ಬಿಗಿಯಿತು.

"ನಿನ್ನ ತಲೆ ಸರಿಯಾಗೇ ಇದೆ ಅಮ್ಮಾ," ಎಂದಳು ಕಾರಿಡಾರಿನಲ್ಲಿ.

"ಸರಿ ಇದ್ದಿದ್ರೆ ನಿಮ್ಮಪ್ಪನ್ನ ಕಟ್ಕೋತಿದ್ನಾ?" ಎಂದೆ. ಹಳೆಯ ಅಭ್ಯಾಸ, ಬಾಯಿಗೆ ಬಂತು. ಇಬ್ಬರೂ ನಗಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಯಸ್ಸಾದವರನ್ನು ಕೇಳುವ ಕೆಲವು ಪ್ರಶ್ನೆಗಳಿವೆ, ಹೌದು ಅಥವಾ ಇಲ್ಲ ಅಂದರೆ ಸಾಕು ಎಂದು ತೆಲುಗಿನಲ್ಲಿ ಹೇಳಿದರು. ಇದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ, ಇದು ಜರಡಿ ಇದ್ದ ಹಾಗೆ ಎಂದೂ ಹೇಳಿದರು.

ಹೊರಗೆ ಹೋಗುವ ಮನಸ್ಸಾಗುತ್ತದೆಯೇ? ಮೊದಲು ಇಷ್ಟವಿದ್ದುದನ್ನೆಲ್ಲ ಬಿಟ್ಟಿದ್ದೀರಾ?

ನಾನು ಬಾಯಿ ತೆರೆಯುವ ಮೊದಲೇ ಸುಮಾ, "ಅದಿ ಮಾ ಆಚಾರಮಂಡಿ," ಎಂದಳು, ಅದು ನಮ್ಮ ಆಚಾರ ಎಂದು. "ನಮ್ಮಲ್ಲಿ ವರ್ಷ ತುಂಬೋವರೆಗೂ ಹೀಗೇ. ಅಮ್ಮ ಕಾಫಿ ಕೂಡ ಬಿಟ್ಟಿದ್ದಾರೆ."

ಪ್ರತಿ ಪ್ರಶ್ನೆಗೂ ಆಚಾರವೇ ಉತ್ತರವಾಯಿತು. ನಾನು ತಲೆಯಾಡಿಸಿದೆ. ಮಗಳ ಮನೆಯಲ್ಲಿ ಉಂಡುಕೊಂಡು, ಅವಳೆದುರೇ ನನಗೆ ಏನೂ ಬೇಡವಾಗಿದೆ ಎಂದು ಹೇಗೆ ಹೇಳಲಿ?

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಮ್ಮಗಾರೂ, ಮದುವೆಗೆ ಹೋಗಬೇಡ ಅನ್ನುತ್ತೆ ಆಚಾರ, ಸರಿ. ಕಾಫಿ ಕುಡಿಯಬೇಡ ಅನ್ನುತ್ತಾ? ತಲೆ ಬಾಚಬೇಡ ಅನ್ನುತ್ತಾ?"

ಸುಮಾ ನನ್ನ ಬಾಚದ ತಲೆಯತ್ತ ನೋಡಿದಳು.

ಸುಮಾಳನ್ನು ಹೊರಗೆ ಕೂರಿಸಿ ಮತ್ತೆ ಮೊದಲಿನಿಂದ ಕೇಳಿದರು. ನನ್ನದು ವಿಜಯವಾಡದ ತರಕಾರಿಯವರ ಜೊತೆ ಚೌಕಾಸಿ ಮಾಡುತ್ತ ಕಲಿತ ತೆಲುಗು. ಆ ಭಾಷೆಯಲ್ಲಿ ನಾನು ಯಾರ ಅಮ್ಮನೂ ಅಲ್ಲ, ಯಾರ ಅತ್ತೆಯೂ ಅಲ್ಲ. ಕನ್ನಡದಲ್ಲಾಗಿದ್ದರೆ ಬಾಯಿಗೆ ಬರುತ್ತಿರಲಿಲ್ಲವೋ ಏನೋ, ತೆಲುಗಿನಲ್ಲಿ ನಿಜ ಹೇಳುವುದು ಸುಲಭವಾಯಿತು. ಬದುಕು ಬರಿದಾಗಿದೆ ಅನಿಸುತ್ತದೆಯೇ? ಹೌದು. ಬೇಜಾರು ಹೆಚ್ಚೇ? ಹೌದು. ಕೊನೆಗೆ, ಮುಂದೆ ಏನು ಮಾಡಬೇಕೆಂದುಕೊಂಡಿದ್ದೀರಿ ಎಂದು ಕೇಳಿದರು.

ತಿಥಿ ಮುಗಿದರೆ ನನ್ನ ಕೆಲಸ ಮುಗಿಯಿತು ಎಂದೆ.

ಆ ಮಾತನ್ನು ನನಗೆ ನಾನೇ ಅದುವರೆಗೆ ಹೇಳಿಕೊಂಡಿರಲಿಲ್ಲ. ಡಾಕ್ಟರ್ ಗಾಬರಿಯಾಗಲಿಲ್ಲ. ಪ್ರಾಣಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರು. ಮಾಡಿಕೊಳ್ಳುವುದಿಲ್ಲ, ಆದರೆ ಮಲಗಿದವಳು ಏಳದಿದ್ದರೆ ಒಳ್ಳೆಯದು ಅನಿಸುತ್ತದೆ ಎಂದೆ. ನನ್ನ ಒಪ್ಪಿಗೆ ಪಡೆದು ಸುಮಾಳನ್ನು ಒಳಗೆ ಕರೆದು ಹೇಳಿದರು. ಅವಳು ನನ್ನ ಕೈ ಹಿಡಿದಳು. ಮನೆ ತಲುಪುವವರೆಗೆ ಬಿಡಲಿಲ್ಲ.

ಡಿಪ್ರೆಶನ್ ಎಂದರು. ಮಾತ್ರೆ, ವಾರಕ್ಕೊಮ್ಮೆ ಕೌನ್ಸೆಲಿಂಗ್. ಮಾತ್ರೆ ನನಗೆ ಬೇಡವಾಗಿತ್ತು. ನನ್ನ ಬಳಿ ನಮ್ಮ ಯಜಮಾನರದೆಂದು ಉಳಿದದ್ದು ಈ ದುಃಖವೊಂದೇ, ಇದೂ ಹೋದರೆ ಅವರು ಪೂರ್ತಿ ಹೋದಂತೆ ಎಂಬ ಭಯ. ಅದನ್ನೂ ಹೇಳಿದೆ.

"ದುಃಖಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲಮ್ಮಾ," ಎಂದರು ಡಾಕ್ಟರ್. "ಇದು ಕಾಯಿಲೆಗೆ."

ಪೂರ್ತಿ ನಂಬದೆಯೇ ನುಂಗಿದೆ. ಮೊದಮೊದಲು ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆಮೇಲೆ ನಿದ್ದೆ ಬಂತು. ಒಂದು ದಿನ ತಂಗಿಯ ಫೋನ್ ಎತ್ತಿದೆ. "ಬದುಕಿದೀಯಾ ಮಾರಾಯ್ತಿ? ನಿನ್ನ ನಂಬರ್ ಅಳಿಸೋಣ ಅಂತಿದ್ದೆ," ಎಂದು ಬೈದಳು. ಬೈಸಿಕೊಂಡು ಹಗುರವಾಯಿತು. ಮಾತ್ರೆ ಈಗಲೂ ನಡೆದಿದೆ. ಸದ್ಯಕ್ಕೆ ನಿಲ್ಲಿಸಬೇಡಿ ಎಂದಿದ್ದಾರೆ.

ವರ್ಷದ ತಿಥಿಗೆ ವಿಜಯವಾಡಕ್ಕೆ ಹೋದೆವು. ಕೃಷ್ಣೆಯ ದಡದಲ್ಲಿ ಸುಮಾಳ ಗಂಡ ಕರ್ಮ ಮುಗಿಸಿದರು. ನಾನು ನೀರು ನೋಡುತ್ತ ಕೂತಿದ್ದೆ.

ಮರುದಿನ ಗವರ್ನರ್‌ಪೇಟೆಯಲ್ಲಿ ನಮ್ಮ ಆಟೊ ಸಿಕ್ಕಿಕೊಂಡಿತು. ಹೋಲ್‌ಸೇಲ್ ಅಂಗಡಿಯ ಮುಂದೆ ಮೂಟೆ ಇಳಿಸುತ್ತಿದ್ದರು. ಯಾರೋ ವಯಸ್ಸಾದವರು ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು, ಎರಡೂ ಕಡೆಯ ಗಾಡಿಗಳಿಗೆ ಕೈ ತೋರಿಸುತ್ತ ರಸ್ತೆ ದಾಟುತ್ತಿದ್ದರು. ಥೇಟ್ ನಮ್ಮ ಯಜಮಾನರ ಹಾಗೆ. "ಬಾರೆ, ಯಾರೂ ಗುದ್ದಲ್ಲ." ದನಿ ಕಿವಿಯ ಹತ್ತಿರವೇ ಕೇಳಿತು. ಅಷ್ಟು ತಿಂಗಳು ಆ ದನಿ ನೆನಪಿಗೇ ಬಂದಿರಲಿಲ್ಲ. ಒಂದು ಸಲವೂ ಅತ್ತಿರಲಿಲ್ಲ.

ಆಟೊದಲ್ಲೇ ಜೋರಾಗಿ ಅತ್ತುಬಿಟ್ಟೆ.

ಸುಮಾ ಗಡಬಡಿಸಿ ಫೋನ್ ತೆಗೆದಳು. "ಡಾಕ್ಟರ್‌ಗೆ ಮಾಡ್ಲಾ ಅಮ್ಮಾ?"

"ಬೇಡ ಕಣೆ. ಇದು ಅದಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಫೋನನ್ನು ಬ್ಯಾಗಿಗೆ ಹಾಕಿದಳು. ತನ್ನ ಅಪ್ಪನಿಗಾಗಿ ಅವಳು ಅತ್ತದ್ದನ್ನು ಅಂದೇ ಮೊದಲ ಸಲ ನೋಡಿದೆ.